ಗಡಿರೇಖೆಯ ವ್ಯಕ್ತಿತ್ವವೂ ಆತ್ಮಗೌರವವೂ

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿಗೆ ಸೇರಿದ ಶಿವಾರಪಟ್ಟಣವನ್ನು ಶ್ರೋತೃಗಳಲ್ಲಿ ಅನೇಕರು ನೋಡಿರಬಹುದು. ನೋಡದವರು ಕೂಡ, ಅಲ್ಲಿ ರೂಪುಗೊಂಡ ವಿಗ್ರಹಕ್ಕೆ ಯಾವುದೋ ಒಂದು ದೇವಾಲಯದಲ್ಲಿ ಕೈಮುಗಿದಿರುವುದು ಅಸಂಭವವಲ್ಲ. ಊರೊಳಕ್ಕೆ ಕಾಲಿಡುವುದಕ್ಕೆ ಮುಂಚೆಯೇ ಉಳಿ ಸುತ್ತಿಗೆಗಳ ಸದ್ದು ಎದುರುಗೊಳ್ಳುತ್ತದೆ. ಕಲ್ಲಿನಲ್ಲಿಯೂ ಲೋಹದಲ್ಲಿಯೂ ವಿಗ್ರಹಗಳನ್ನು ಮಾಡುವ ಶಿಲ್ಪಿಗಳ ಮನೆತನಗಳು ತಲೆಮಾರುಗಳಿಂದ ಅಲ್ಲಿ ನೆಲಸಿವೆ. ಈಚೆಗೆ ಒಂದು ದಿನ ನಾವು ಕೆಲವು ಮಂದಿ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದೆವು. ವೃದ್ಧ ಶಿಲ್ಪಿಯೊಬ್ಬರು ಕಪ್ಪು ಶಿಲೆಯೊಂದರ ಮುಂದೆ ಕುಳಿತು, ಅದರ ನಟ್ಟನಡುವೆ ಮೇಲಿನಿಂದ ಕೆಳಗಿನವರೆಗೆ ಕಾವಿಯಲ್ಲಿ ಒಂದು ನೇರವಾದ ಗೆರೆಯನ್ನು ಎಳೆಯುತ್ತಿದ್ದರು. ಶಿಲ್ಪಶಾಸ್ತ್ರದಲ್ಲಿ ಇದಕ್ಕೆ ಬ್ರಹ್ಮಸೂತ್ರವೆಂದು ಹೆಸರು. ಕಣ್ಣು ಎಲ್ಲಿರಬೇಕು, ಭುಜ ಎಷ್ಟು ದೂರ ಚಾಚಬೇಕು, ಪಾದಗಳು ಎಲ್ಲಿ ಊರಬೇಕು ಎಂಬ ಅಳತೆಗಳಿಗೆಲ್ಲ ಈ ಗೆರೆಯೇ ಆಧಾರ. ಆದರೆ ಉಳಿಯ ಪೆಟ್ಟು ಬಿದ್ದಂತೆಲ್ಲ ಗೆರೆಯೂ ಚಕ್ಕೆಯೊಡನೆ ಹಾರಿಹೋಗುತ್ತಿತ್ತು. ‘ಗೆರೆಯೇ ಅಳಿಸಿಹೋಯಿತಲ್ಲ, ಇನ್ನೇನು ಮಾಡುತ್ತೀರಿ?’ ಎಂದು ಕೇಳಿದೆವು. ‘ಅಳಿಸದೆ ಇರುತ್ತದೆಯೇ ಸ್ವಾಮಿ? ಕೆಲಸ ಮಾಡಿದ ಮೇಲೆ ಗೆರೆ ಹೋಗಲೇಬೇಕು. ಮತ್ತೆ ಹಾಕಿಕೊಂಡರಾಯಿತು’ ಎಂದು ಅವರು ತಲೆಯೆತ್ತದೆಯೇ ಉತ್ತರ ಹೇಳಿದರು.

ಆ ಮಾತು ಕಿವಿಗೆ ಬಿದ್ದಾಗ ನಮಗೆ ನಮ್ಮ ಹಿಂದಿನ ವಿದ್ಯಾರ್ಥಿನಿಯೊಬ್ಬಳ ನೆನಪಾಯಿತು. ಅವಳ ಗುರುತು ಯಾರಿಗೂ ಹತ್ತದಂತೆ ವಿವರಗಳನ್ನು ಮಾರ್ಪಡಿಸಿ ಹೇಳುತ್ತೇವೆ. ಒಂದು ಸೋಮವಾರ ತರಗತಿಯಲ್ಲಿ ಅವಳ ಪ್ರಬಂಧವನ್ನು ಓದಿ, ಚೆನ್ನಾಗಿದೆಯೆಂದು ಹೇಳಿದೆವು. ಅಂದಿನಿಂದ ಅವಳ ನಡೆಯೇ ಬದಲಾಯಿತು. ತಾನು ಲೇಖಕಿಯಾಗುವೆನೆಂದು ಗೆಳತಿಯರಿಗೆಲ್ಲ ಹೇಳಿಕೊಂಡಳು. ನಮ್ಮಂಥ ಅಧ್ಯಾಪಕರು ಲೋಕದಲ್ಲಿ ಇಲ್ಲವೆಂದಳು. ಗುರುವಾರ ನಾವು ಏನನ್ನೋ ಯೋಚಿಸುತ್ತ ಪಡಸಾಲೆಯಲ್ಲಿ ಹೋಗುವಾಗ ಅವಳು ಮಾಡಿದ ನಮಸ್ಕಾರವನ್ನು ಗಮನಿಸಲಿಲ್ಲ. ಅದೇ ರಾತ್ರಿ ಅವಳು ಆ ಪ್ರಬಂಧವನ್ನು ಹರಿದುಹಾಕಿದಳು. ಮಾರನೆಯ ದಿನ ಒಂದು ಕಾಗದ ಬಂತು: ನಮಗೆ ಅವಳ ಮುಖ ಕಂಡರೆ ಅಸಹ್ಯವೆಂಬುದು ತಿಳಿಯಿತಂತೆ, ಹೊಗಳಿದ್ದೆಲ್ಲ ಸುಳ್ಳಂತೆ, ತಾನು ಯಾವ ಕೆಲಸಕ್ಕೂ ಬಾರದವಳಂತೆ. ಸಲುಗೆ ಕೊಟ್ಟದ್ದು ನಮ್ಮ ತಪ್ಪೆಂದು ನಾವು ಸಹೋದ್ಯೋಗಿಗಳ ಮುಂದೆ ಹೇಳಿ ನಕ್ಕುಬಿಟ್ಟೆವು. ಕೆಲವು ತಿಂಗಳ ಮೇಲೆ ಅವಳು ತನ್ನ ಪ್ರಾಣಕ್ಕೇ ಅಪಾಯ ಮಾಡಿಕೊಂಡಳೆಂದೂ, ಸಕಾಲದಲ್ಲಿ ವೈದ್ಯರ ನೆರವು ದೊರೆತು ಉಳಿದುಕೊಂಡಳೆಂದೂ ತಿಳಿದುಬಂತು. ಆಮೇಲೆ ನಮಗೆ ಆ ನಗು ನೆನಪಾದಾಗಲೆಲ್ಲ ನಾಚಿಕೆಯಾಗಿದೆ. ನಾವು ಅಂದು ಅರಿಯದೆ ಇದ್ದುದನ್ನು ಶ್ರೋತೃಗಳಾದರೂ ಅರಿಯಲಿ ಎಂಬುದೇ ಈ ಭಾಷಣದ ಉದ್ದೇಶ.

ಮೊದಲು ಆತ್ಮಗೌರವವೆಂದರೇನೆಂಬುದನ್ನು ನೋಡೋಣ. ನಮ್ಮ ಭಾಷೆಯಲ್ಲಿ ಅಭಿಮಾನ, ಸ್ವಾಭಿಮಾನ, ಅಹಂಕಾರ, ಒಣಹೆಮ್ಮೆ ಎಂದು ಹಲವು ಮಾತುಗಳುಂಟು. ಇವುಗಳಲ್ಲಿ ಕೆಲವನ್ನು ಹೊಗಳುತ್ತೇವೆ, ಕೆಲವನ್ನು ತೆಗಳುತ್ತೇವೆ. ಅಮೆರಿಕದ ವಿಲಿಯಂ ಜೇಮ್ಸ್ ಎಂಬ ವಿದ್ವಾಂಸನು 1890ರಲ್ಲಿ ಪ್ರಕಟಿಸಿದ ತನ್ನ ಮನಶ್ಶಾಸ್ತ್ರದ ಮಹಾಗ್ರಂಥದಲ್ಲಿ ಇದನ್ನು ಒಂದು ಭಿನ್ನರಾಶಿಯ ರೂಪದಲ್ಲಿ ಹೇಳಿದನು. ನಾವು ಸಾಧಿಸಿದ್ದನ್ನು ಮೇಲೆ ಬರೆದು, ನಾವು ಆಸೆಪಟ್ಟದ್ದರಿಂದ ಅದನ್ನು ಭಾಗಿಸಿದರೆ ಬರುವುದೇ ಆತ್ಮಗೌರವ. ಆದಕಾರಣ ಸಾಧನೆಯನ್ನು ಹೆಚ್ಚಿಸಿದರೂ ಅದು ಬೆಳೆಯುತ್ತದೆ, ಆಸೆಯನ್ನು ತಗ್ಗಿಸಿದರೂ ಬೆಳೆಯುತ್ತದೆ. 1965ರಲ್ಲಿ ಮಾರಿಸ್ ರೋಸೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞನು ಹತ್ತು ವಾಕ್ಯಗಳ ಒಂದು ಅಳತೆಗೋಲನ್ನು ರಚಿಸಿದನು. ಅದು ಇಂದಿಗೂ ಬಳಕೆಯಲ್ಲಿದೆ. ಅವನ ಅಭಿಪ್ರಾಯದಲ್ಲಿ ಆತ್ಮಗೌರವವುಳ್ಳವನು ತಾನು ಇತರರಿಗಿಂತ ಮೇಲೆಂದು ಭಾವಿಸಬೇಕಾಗಿಲ್ಲ. ತಾನೂ ಬೆಲೆಯುಳ್ಳ ಒಬ್ಬ ಮನುಷ್ಯನೆಂದು ತಿಳಿದಿದ್ದರೆ ಸಾಕು. ಅಹಂಕಾರಕ್ಕೂ ಆತ್ಮಗೌರವಕ್ಕೂ ಇರುವ ಭೇದ ಇಷ್ಟೆ.

ಇಂಥ ವಿಷಯವನ್ನು ಆಕಾಶವಾಣಿಯಲ್ಲಿ ಮಾತನಾಡುವುದು ಅನುಚಿತವಾಗಲಾರದು. ಏಕೆಂದರೆ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಪುಟ್ಟ ಪ್ರೇಷಕಯಂತ್ರವೊಂದನ್ನಿಟ್ಟು ಬಾನುಲಿಯನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜರ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮನಸ್ಸಿನ ವ್ಯಾಪಾರಗಳನ್ನು ಕನ್ನಡದಲ್ಲಿ ತಿಳಿಯಹೇಳುವ ಪರಿಪಾಠವೂ ನಮ್ಮಲ್ಲಿ ಹೊಸದೇನಲ್ಲ. ವೈದ್ಯರೂ ವಿನೋದ ಲೇಖಕರೂ ಆದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದನ್ನು ಅನೇಕರು ಬಲ್ಲರು.

ಇರಲಿ, ಪ್ರಕೃತಕ್ಕೆ ಬರೋಣ. ನಮ್ಮ ವಿದ್ಯಾರ್ಥಿನಿಗೆ ಇದ್ದ ಬೇನೆಯನ್ನು ವೈದ್ಯರು ಇಂಗ್ಲಿಷಿನಲ್ಲಿ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎನ್ನುತ್ತಾರೆ. ಕನ್ನಡದಲ್ಲಿ ಗಡಿರೇಖೆಯ ವ್ಯಕ್ತಿತ್ವದ ಅಸ್ವಸ್ಥತೆ ಎನ್ನಬಹುದು. ಗಡಿಯೆಂದರೇನೆಂಬುದನ್ನು ಕೋಲಾರದ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮುಳಬಾಗಿಲು, ಶ್ರೀನಿವಾಸಪುರಗಳಿಂದಾಚೆಗೆ ತೆಲುಗು ನಾಡು, ಮಾಲೂರಿನಿಂದಾಚೆಗೆ ತಮಿಳು ನಾಡು. ಸಂತೆಯ ದಿನ ಒಂದೇ ನಾಲಗೆಯ ಮೇಲೆ ಮೂರು ಭಾಷೆ ಆಡುತ್ತವೆ. ವೈದ್ಯಶಾಸ್ತ್ರದ ಈ ಗಡಿಯಾದರೋ ಬೇರೆಯದು. ಹಿಂದೆ ಮನೋವ್ಯಾಧಿಗಳನ್ನು ಎರಡು ದೊಡ್ಡ ಪಂಗಡಗಳಾಗಿ ವಿಂಗಡಿಸುತ್ತಿದ್ದರು. ವಾಸ್ತವ ಜಗತ್ತಿನ ಅರಿವು ಕೆಡದೆ ಕಳವಳ ಮಾತ್ರ ಇರತಕ್ಕದ್ದು ಒಂದು. ಆ ಅರಿವೇ ಕೆಟ್ಟುಹೋಗತಕ್ಕದ್ದು ಇನ್ನೊಂದು. ಎರಡಕ್ಕೂ ಸರಿಯಾಗಿ ಹೊಂದದೆ ಗಡಿಯಲ್ಲಿ ನಿಂತಂತೆ ತೋರಿದ ರೋಗಿಗಳ ವಿಚಾರವಾಗಿ ಅಡಾಲ್ಫ್ ಸ್ಟರ್ನ್ ಎಂಬ ವೈದ್ಯನು 1938ರಲ್ಲಿ ಒಂದು ಲೇಖನವನ್ನು ಬರೆದನು. ಆ ಬಗೆಯ ವಿಂಗಡಣೆ ಈಗ ಬಿದ್ದುಹೋಗಿದೆ. ಹೆಸರು ಮಾತ್ರ ಉಳಿದಿದೆ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗಸೂಚಿಯಲ್ಲಿ ಇದಕ್ಕೆ ಅಧಿಕೃತವಾದ ಸ್ಥಾನವನ್ನು ಕೊಟ್ಟಿತು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ಸೂಚಿಯಲ್ಲಿಯೂ ಇದಕ್ಕೆ ಎಡೆಯುಂಟು.

ಅಮೆರಿಕದ ಸೂಚಿಯು ಈಗ ಒಂಬತ್ತು ಲಕ್ಷಣಗಳನ್ನು ಹೇಳುತ್ತದೆ. ತನ್ನನ್ನು ಎಲ್ಲಿ ಕೈಬಿಡುವರೋ ಎಂಬ ಭಯದಿಂದ ಏನು ಮಾಡುವುದಕ್ಕೂ ಸಿದ್ಧವಾಗುವುದು, ಆಪ್ತರನ್ನು ಒಮ್ಮೆ ದೇವರೆಂದು ಎತ್ತಿ, ಮರುಗಳಿಗೆಯಲ್ಲಿ ದ್ರೋಹಿಗಳೆಂದು ಇಳಿಸುವುದು, ತಾನಾರೆಂಬ ಭಾವನೆ ಒಂದು ನೆಲೆಯಲ್ಲಿ ನಿಲ್ಲದಿರುವುದು, ಮುಂದಾಲೋಚನೆಯಿಲ್ಲದ ದುಡುಕು, ತನಗೆ ತಾನೇ ನೋವು ಮಾಡಿಕೊಳ್ಳುವುದು, ಗಂಟೆಗಂಟೆಗೆ ಬದಲಾಗುವ ಭಾವಗಳು, ಸದಾ ಒಳಗೆ ಏನೂ ಇಲ್ಲವೆಂಬ ಬರಿದುತನ, ತಡೆಯಲಾಗದ ಕೋಪ, ಸಂಕಟದ ವೇಳೆಯಲ್ಲಿ ತಲೆದೋರುವ ಸಂಶಯ ಅಥವಾ ಮೈಮರೆವು. ಇವುಗಳಲ್ಲಿ ಐದಾದರೂ ಬಹುಕಾಲದಿಂದ ಇದ್ದು ಬಾಳನ್ನು ಕೆಡಿಸಿರಬೇಕು. ಹರೆಯದಲ್ಲಿ ಇಂಥ ಒಂದೆರಡು ಲಕ್ಷಣಗಳು ನಮ್ಮೆಲ್ಲರಲ್ಲಿಯೂ ಸುಳಿದು ಹೋಗಿರುತ್ತವೆ. ಈ ಭಾಷಣವನ್ನು ಕೇಳಿ ಯಾರೂ ಸೊಸೆಗೋ ತಮ್ಮನಿಗೋ ಈ ಹೆಸರನ್ನು ಅಂಟಿಸಬಾರದೆಂದು ನಮ್ಮ ಪ್ರಾರ್ಥನೆ. ರೋಗನಿರ್ಣಯ ವೈದ್ಯರ ಕೆಲಸ.

ಈಗ ಮುಖ್ಯ ಪ್ರಶ್ನೆ. ಇಂಥವರಲ್ಲಿ ಆತ್ಮಗೌರವದ ಸ್ಥಿತಿಯೇನು? ಅದು ಕಡಿಮೆ ಇರುತ್ತದೆ ಎಂಬುದು ಸುಲಭವಾಗಿ ಹೊಳೆಯುವ ಉತ್ತರ. ಅದು ನಿಜವೇ, ಆದರೆ ಅರ್ಧ ನಿಜ. ಕೊಡದಲ್ಲಿ ನೀರು ಕಡಿಮೆಯಾದರೆ ತುಂಬಿಸಬಹುದು. ಕೊಡವೇ ಸೋರುತ್ತಿದ್ದರೆ ಎಷ್ಟು ತುಂಬಿಸಿದರೇನು? ಆತ್ಮಗೌರವದಲ್ಲಿ ಎಷ್ಟಿದೆ ಎಂಬುದು ಒಂದು ವಿಚಾರ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಇನ್ನೊಂದು ವಿಚಾರ. ಈ ಭೇದವನ್ನು ಮೈಕೆಲ್ ಕರ್ನಿಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು ಬಹುಕಾಲ ಶೋಧಿಸಿದನು. ಜರ್ಮನಿಯ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಈ ಅಸ್ವಸ್ಥತೆಯುಳ್ಳವರನ್ನೂ ಆರೋಗ್ಯವಂತರನ್ನೂ ಅವರವರ ನಿತ್ಯದ ಬಾಳಿನ ನಡುವೆಯೇ ದಿನಕ್ಕೆ ಹಲವು ಸಲ, ಈಗ ನಿಮ್ಮ ವಿಷಯದಲ್ಲಿ ನಿಮಗೆ ಹೇಗೆನಿಸುತ್ತಿದೆಯೆಂದು ಕೇಳಿದರು. ಅಸ್ವಸ್ಥರಲ್ಲಿ ಆತ್ಮಗೌರವವು ಆರೋಗ್ಯವಂತರಿಗಿಂತ ಕೆಳಗಿತ್ತು. ಅದಲ್ಲದೆ ಅದು ಬಹಳ ಹೆಚ್ಚಾಗಿ ಏರಿಳಿಯುತ್ತಲೂ ಇತ್ತು. ಆ ಏರಿಳಿತ ಭಾವಗಳ ಏರಿಳಿತದೊಡನೆ ಹೆಣೆದುಕೊಂಡೂ ಇತ್ತು.

ಶಿವಾರಪಟ್ಟಣದ ಗೆರೆಯನ್ನು ಇಲ್ಲಿ ನೆನೆಯಬಹುದು. ಸಾಮಾನ್ಯವಾಗಿ ಮನುಷ್ಯನ ಒಳಗೆ ‘ನಾನು ಇಂಥವನು’ ಎಂಬ ಒಂದು ಸೂತ್ರವಿರುತ್ತದೆ. ಮೇಲಧಿಕಾರಿ ಗದರಿಸಿದರೆ ಮನಸ್ಸು ನೋಯುತ್ತದೆ. ಆದರೆ ರಾತ್ರಿ ಊಟದ ಹೊತ್ತಿಗೆ, ‘ಇದೊಂದು ಕೆಲಸ ಕೆಟ್ಟಿತು, ನಾನು ಕೆಟ್ಟವನಲ್ಲ’ ಎಂದು ಅಳತೆ ತೆಗೆದುಕೊಳ್ಳುವುದು ಸಾಧ್ಯವಾಗುತ್ತದೆ. ಗಡಿರೇಖೆಯ ಅಸ್ವಸ್ಥತೆಯುಳ್ಳವರಲ್ಲಿ ಒಂದು ಪೆಟ್ಟು ಬಿದ್ದರೆ ಗೆರೆಯೇ ಹೋಗಿಬಿಡುತ್ತದೆ. ಹಿಂದಿನ ವಾರ ಬಂದ ಹೊಗಳಿಕೆಯಾಗಲಿ, ಹತ್ತು ವರ್ಷದ ಸ್ನೇಹವಾಗಲಿ ಆ ಕ್ಷಣದಲ್ಲಿ ಕಣ್ಣಿಗೆ ಕಾಣುವುದಿಲ್ಲ. ಒಳಗೆ ಗೆರೆಯಿಲ್ಲದಿರುವಾಗ ಅಳತೆಗಾಗಿ ಎದುರಿಗಿರುವವರ ಮುಖವನ್ನು ನೋಡಬೇಕಾಗುತ್ತದೆ. ಆ ಮುಖ ನಕ್ಕರೆ ನಾನು ಒಳ್ಳೆಯವಳು, ಅದು ಅತ್ತ ತಿರುಗಿದರೆ ನಾನು ಕೆಟ್ಟವಳು. ಆ ಗುರುವಾರ ನಮ್ಮ ವಿದ್ಯಾರ್ಥಿನಿಯ ಕಣ್ಣಿಗೆ ಬಿದ್ದದ್ದು ನಮ್ಮ ಅನ್ಯಮನಸ್ಕತೆ. ಅವಳ ಮನಸ್ಸಿಗೆ ಕಂಡದ್ದು ತನ್ನ ಅಯೋಗ್ಯತೆ.

ಆಟೊ ಕರ್ನ್‌ಬರ್ಗ್ ಎಂಬ ಪಂಡಿತನು 1967ರಿಂದ ಈಚೆಗೆ ಬರೆದ ಲೇಖನಗಳಲ್ಲಿ ಇದನ್ನು ಇನ್ನೊಂದು ಬಗೆಯಾಗಿ ವಿವರಿಸಿದನು. ಒಬ್ಬರಲ್ಲಿಯೇ ಒಳಿತೂ ಕೆಡುಕೂ ಕೂಡಿರುತ್ತವೆಂಬುದನ್ನು ಒಟ್ಟಿಗೆ ಹಿಡಿದುಕೊಳ್ಳುವುದು ಇಂಥವರಿಗೆ ಕಷ್ಟ. ಆದ್ದರಿಂದ ಮನಸ್ಸು ಎರಡನ್ನೂ ಸೀಳಿ ಬೇರೆಬೇರೆಯಾಗಿ ಇಡುತ್ತದೆ. ಎದುರಿನವರು ದೇವರು, ಇಲ್ಲವೆ ರಾಕ್ಷಸರು. ತಾನೂ ಹಾಗೆಯೇ, ಎಲ್ಲವೂ ಆಗಿರಬೇಕು, ಇಲ್ಲದಿದ್ದರೆ ಏನೂ ಅಲ್ಲ. ಹೊರಗಿನವರಿಗೆ ಇದು ಚಂಚಲಬುದ್ಧಿಯಾಗಿ ಕಾಣುತ್ತದೆ. ಒಳಗೆ ಇರತಕ್ಕದ್ದು ನಾಚಿಕೆ. ತಪ್ಪು ಮಾಡಿದೆನೆಂಬ ಪಶ್ಚಾತ್ತಾಪ ಬೇರೆ, ತಾನೇ ತಪ್ಪೆಂಬ ನಾಚಿಕೆ ಬೇರೆ. ಮೊದಲನೆಯದಕ್ಕೆ ಕ್ಷಮೆಯುಂಟು, ಪರಿಹಾರವುಂಟು. ಎರಡನೆಯದು ಬಚ್ಚಿಟ್ಟುಕೊಳ್ಳಬೇಕೆನಿಸುತ್ತದೆ, ಕೆಲವು ವೇಳೆ ಇಲ್ಲದಂತಾಗಿಬಿಡಬೇಕೆನಿಸುತ್ತದೆ. ಇಂಥವರ ಕೋಪ ಬಹುಮಟ್ಟಿಗೆ ಈ ನಾಚಿಕೆಯ ಮೇಲೆ ಹೊದೆದ ಹೊದಿಕೆ. ಅಪಾಯ ಇರುವುದೂ ಇಲ್ಲಿಯೇ. ಪ್ರಾಣಹಾನಿಯ ಸಂಭವ ಈ ಬೇನೆಯಲ್ಲಿ ಇತರರಿಗಿಂತ ಬಹಳ ಹೆಚ್ಚು. ಆದಕಾರಣ ಇದನ್ನು ನಾಟಕವೆಂದು ತಳ್ಳಿಹಾಕುವವರು ತಾವು ಏನನ್ನು ಪಣಕ್ಕೆ ಇಡುತ್ತಿದ್ದೇವೆಂಬುದನ್ನು ಯೋಚಿಸಬೇಕು.

ಇದು ಹೇಗೆ ಬರುತ್ತದೆ? ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಮಾರ್ಷಾ ಲಿನೆಹಾನ್ ಎಂಬ ವಿದುಷಿಯು 1993ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎರಡು ಕಾರಣಗಳ ಸಂಯೋಗವನ್ನು ಹೇಳಿದ್ದಾರೆ. ಒಂದು, ಹುಟ್ಟಿನಿಂದ ಬಂದ ಸ್ವಭಾವ. ಕೆಲವು ಮಕ್ಕಳಿಗೆ ಭಾವಗಳು ಬೇಗ ಉಕ್ಕುತ್ತವೆ, ಹೆಚ್ಚು ಉಕ್ಕುತ್ತವೆ, ಇಳಿಯುವುದು ತಡ. ಎರಡು, ಆ ಮಗುವಿನ ಅನುಭವವನ್ನು ಮನ್ನಿಸದ ಪರಿಸರ. ‘ಇಷ್ಟಕ್ಕೆಲ್ಲ ಅಳುತ್ತಾರೆಯೇ?’, ‘ನಿನಗೆ ಹೊಟ್ಟೆನೋವೂ ಇಲ್ಲ ಏನೂ ಇಲ್ಲ, ಸ್ಕೂಲಿಗೆ ಹೋಗುವುದಕ್ಕೆ ಕಳ್ಳತನ’, ‘ಪಕ್ಕದ ಮನೆಯ ಹುಡುಗನನ್ನು ನೋಡಿ ಕಲಿ’ ಎಂಬ ಮಾತುಗಳು ನಮ್ಮ ಮನೆಗಳಲ್ಲಿ ಅಪರೂಪವಲ್ಲ. ಎಲ್ಲ ಮಕ್ಕಳೂ ಇವುಗಳಿಂದ ಕೆಡುವುದಿಲ್ಲ. ಆದರೆ ಭಾವ ಬೇಗ ಉಕ್ಕುವ ಮಗುವು ದಿನವೂ ಇದನ್ನೇ ಕೇಳುತ್ತಿದ್ದರೆ, ತನಗೆ ಅನ್ನಿಸುವುದು ನಿಜವೋ ಸುಳ್ಳೋ ಎಂಬುದೇ ಅದಕ್ಕೆ ತಿಳಿಯದೆ ಹೋಗುತ್ತದೆ. ಚಿಕ್ಕಂದಿನಲ್ಲಿ ಹೊಡೆತ, ಅನಾದರ, ಅತ್ಯಾಚಾರಗಳಿಗೆ ಗುರಿಯಾದವರೂ ಈ ರೋಗಿಗಳಲ್ಲಿ ಬಹು ಮಂದಿ ಇದ್ದಾರೆ. ಆದರೆ ಎಲ್ಲರೂ ಅಂಥವರಲ್ಲ. ಆದ್ದರಿಂದ ರೋಗಿಯನ್ನು ಕಂಡ ಕೂಡಲೆ ತಾಯಿತಂದೆಗಳನ್ನು ಅಪರಾಧಿಗಳ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಮಗುವಿನ ಸ್ವಭಾವಕ್ಕೂ ಮನೆಯ ರೀತಿಗೂ ಹೊಂದಿಕೆ ತಪ್ಪಿದ್ದುಂಟು. ಅದರಲ್ಲಿ ಯಾರ ದುರುದ್ದೇಶವೂ ಇಲ್ಲದೆ ಇರಬಹುದು.

ಇಲ್ಲಿ ಒಂದು ಸಂದೇಹ ಬರುವುದು ಸಹಜ. ಆತ್ಮಗೌರವ ಕುಂದಿದವರನ್ನು ಹೊಗಳಿ ಹುರಿದುಂಬಿಸಿದರೆ ಸಾಲದೆ? ನಾವೂ ಹಾಗೆಯೇ ತಿಳಿದಿದ್ದೆವು. ಆದರೆ ಹೊಗಳಿಕೆಯೂ ಎದುರಿನವರ ಮುಖದಿಂದಲೇ ಬರುವುದಲ್ಲವೆ? ಅದು ಬಂದಷ್ಟೂ ಆ ಮುಖವನ್ನು ನೋಡುವ ಅಭ್ಯಾಸ ಬಲಿಯುತ್ತದೆ. ಅದಲ್ಲದೆ, ತನ್ನನ್ನು ಕೀಳೆಂದು ತಿಳಿದವನಿಗೆ ದೊಡ್ಡ ಹೊಗಳಿಕೆಯು ಭಯವನ್ನೂ ತರುತ್ತದೆ: ‘ಇವರಿಗೆ ನಿಜ ತಿಳಿದಿಲ್ಲ, ತಿಳಿದ ದಿನ ಬಿಟ್ಟುಹೋಗುತ್ತಾರೆ’ ಎಂದು. ಬುದ್ಧಿವಾದವೂ ಕೆಲಸ ಮಾಡುವುದಿಲ್ಲ. ‘ನೀನು ಚೆನ್ನಾಗಿದ್ದೀಯೆ, ಸುಮ್ಮನೆ ಏನೇನೋ ಯೋಚಿಸಬೇಡ’ ಎಂದರೆ, ಅವರ ನೋವು ಸುಳ್ಳೆಂದು ಇನ್ನೊಮ್ಮೆ ಹೇಳಿದಂತಾಯಿತು. ಹಳೆಯ ಗಾಯದ ಮೇಲೆಯೇ ಪೆಟ್ಟು ಬಿದ್ದಂತಾಯಿತು.

ಹೊಗಳಿಕೆಗೂ ತೆಗಳಿಕೆಗೂ ಬೇರೆಯಾದ ಮೂರನೆಯದೊಂದು ಉಂಟು. ಅದನ್ನು ಮನ್ನಣೆ ಎನ್ನೋಣ. ಮನ್ನಣೆಯೆಂದರೆ ಅವರು ಹೇಳಿದುದನ್ನೆಲ್ಲ ಒಪ್ಪುವುದೆಂದು ಅರ್ಥವಲ್ಲ. ‘ನಾನು ನಮಸ್ಕಾರವನ್ನು ನೋಡದೆ ಹೋದಾಗ ನಿನಗೆ ತುಂಬ ನೋವಾಯಿತು, ಅದು ಅರ್ಥವಾಗುತ್ತದೆ. ನನಗೆ ನಿನ್ನ ಮೇಲೆ ಅಸಹ್ಯವಿದೆಯೆಂಬುದು ಮಾತ್ರ ನಿಜವಲ್ಲ. ನಾನು ಅಂದು ಬೇರೆ ಯೋಚನೆಯಲ್ಲಿದ್ದೆ.’ ಈ ಮಾತಿನಲ್ಲಿ ನೋವನ್ನು ಒಪ್ಪಿಕೊಂಡದ್ದಾಯಿತು. ನೋವಿನಿಂದ ತೆಗೆದ ತೀರ್ಮಾನವನ್ನು ಒಪ್ಪಲಿಲ್ಲ. ನಾವು ಅಂದು ಆ ಕಾಗದಕ್ಕೆ ಬರೆಯಬೇಕಾಗಿದ್ದ ಉತ್ತರ ಇದೇ. ಬರೆಯಲಿಲ್ಲ.

ಚಿಕಿತ್ಸೆಯ ತತ್ತ್ವವೂ ಇದರ ಮೇಲೆಯೇ ನಿಂತಿದೆ. ಲಿನೆಹಾನ್ ಅವರ ಪದ್ಧತಿಯಲ್ಲಿ ರೋಗಿಯನ್ನು ಇದ್ದಂತೆ ಒಪ್ಪಿಕೊಳ್ಳುವುದೂ, ಬದಲಾಗಬೇಕೆಂದು ಕೇಳುವುದೂ ಒಟ್ಟೊಟ್ಟಿಗೆ ನಡೆಯುತ್ತವೆ. ವಾರ ವಾರವೂ ನಾಲ್ಕು ಬಗೆಯ ಕೌಶಲಗಳನ್ನು ಅಭ್ಯಾಸ ಮಾಡಿಸುತ್ತಾರೆ: ಈಗಿನ ಕ್ಷಣವನ್ನು ತೀರ್ಪು ಕೊಡದೆ ಗಮನಿಸುವುದು, ಸಂಕಟದ ಗಳಿಗೆಯನ್ನು ಕೆಡಿಸಿಕೊಳ್ಳದೆ ದಾಟುವುದು, ಭಾವಗಳನ್ನು ಗುರುತಿಸಿ ಹದಕ್ಕೆ ತರುವುದು, ಸಂಬಂಧವನ್ನೂ ಮರ್ಯಾದೆಯನ್ನೂ ಕಳೆದುಕೊಳ್ಳದೆ ಬೇಕಾದುದನ್ನು ಕೇಳುವುದು. ನಾಲ್ಕನೆಯ ಕೌಶಲದಲ್ಲಿ ಆತ್ಮಗೌರವಕ್ಕೆಂದೇ ಒಂದು ಭಾಗವಿದೆ. ಸುಳ್ಳು ಹೇಳದಿರುವುದು, ಇದ್ದುದಕ್ಕೂ ಇಲ್ಲದುದಕ್ಕೂ ಕ್ಷಮೆ ಕೇಳದಿರುವುದು, ತನ್ನ ಮೌಲ್ಯಗಳಿಗೆ ಅಂಟಿಕೊಂಡಿರುವುದು ಮುಂತಾದ ನಡವಳಿಕೆಗಳಿಂದ ಆತ್ಮಗೌರವವನ್ನು ಕಟ್ಟಿಕೊಳ್ಳಬೇಕೆಂಬುದು ಅಲ್ಲಿನ ಬೋಧೆ. ಎಂದರೆ, ಅದು ಯಾರಾದರೂ ಕೊಡುವ ದಾನವಾಗಿ ಉಳಿಯುವುದಿಲ್ಲ. ದಿನವೂ ಮಾಡಿ ಗಳಿಸುವ ರೂಢಿಯಾಗುತ್ತದೆ. ಲಂಡನ್ನಿನ ಬೇಟ್‌ಮನ್ ಮತ್ತು ಫೊನಗಿ ಎಂಬವರು ಇನ್ನೊಂದು ಪದ್ಧತಿಯನ್ನು ರೂಪಿಸಿ, 1999ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಎದುರಿನವರ ಮನಸ್ಸಿನಲ್ಲಿ ಏನಿರಬಹುದು, ನನ್ನ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಅವಸರವಿಲ್ಲದೆ ಊಹಿಸಿ ನೋಡುವ ಶಕ್ತಿಯನ್ನು ಬೆಳೆಸುವುದು ಅದರ ಗುರಿ. ನಮಸ್ಕಾರವನ್ನು ನೋಡದೆ ಹೋದವರಿಗೆ ಹತ್ತು ಕಾರಣಗಳಿರಬಹುದೆಂದು ತೋರಿದರೆ, ಅಸಹ್ಯವೆಂಬುದು ಆ ಹತ್ತರಲ್ಲಿ ಒಂದಾಗಿ ಚಿಕ್ಕದಾಗುತ್ತದೆ.

ಔಷಧಿಯ ವಿಚಾರವಾಗಿ ಒಂದು ಮಾತು. ಖಿನ್ನತೆ, ನಿದ್ರಾಹೀನತೆ ಮೊದಲಾದವು ಜೊತೆಗಿದ್ದರೆ ವೈದ್ಯರು ಔಷಧಿ ಕೊಡುವುದುಂಟು. ಆದರೆ ಈ ಅಸ್ವಸ್ಥತೆಯನ್ನೇ ವಾಸಿಮಾಡುವ ಗುಳಿಗೆಯಿಲ್ಲ. ಬ್ರಿಟನ್ನಿನ ಅಧಿಕೃತ ವೈದ್ಯಕೀಯ ಸಲಹಾಸೂತ್ರವು 2009ರಲ್ಲಿಯೇ ಇದನ್ನು ಸ್ಪಷ್ಟಪಡಿಸಿತು. ಮಾತಿನ ಚಿಕಿತ್ಸೆಯೇ ಪ್ರಧಾನ.

ಗುಣವಾಗುವ ಆಸೆಯುಂಟೆ? ಉಂಟು, ಮತ್ತು ಜನರು ತಿಳಿದಿರುವುದಕ್ಕಿಂತ ಹೆಚ್ಚಾಗಿಯೇ ಉಂಟು. ಬಾಸ್ಟನ್ನಿನ ಸಮೀಪದ ಮಕ್‌ಲೀನ್ ಆಸ್ಪತ್ರೆಯಲ್ಲಿ ಮೇರಿ ಜನರೀನಿ ಮತ್ತು ಅವರ ಸಂಗಡಿಗರು, ಆಸ್ಪತ್ರೆಗೆ ಸೇರಬೇಕಾಗಿ ಬಂದಷ್ಟು ತೀವ್ರವಾದ ಬೇನೆಯಿದ್ದ 290 ಮಂದಿಯನ್ನು ಹತ್ತು ವರ್ಷಗಳ ಕಾಲ ಹಿಂಬಾಲಿಸಿ ನೋಡಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅವರಲ್ಲಿ ನೂರಕ್ಕೆ 93 ಮಂದಿಗೆ ಕನಿಷ್ಠ ಎರಡು ವರ್ಷಗಳ ಕಾಲ ರೋಗಲಕ್ಷಣಗಳು ಇಳಿದುಹೋಗಿದ್ದವು. ಆದರೆ ಲಕ್ಷಣಗಳು ಇಳಿಯುವುದರ ಜೊತೆಗೆ ಒಳ್ಳೆಯ ಸಂಬಂಧವನ್ನೂ ಉದ್ಯೋಗವನ್ನೂ ಉಳಿಸಿಕೊಂಡು ಪೂರ್ಣವಾಗಿ ಚೇತರಿಸಿಕೊಂಡವರು ನೂರಕ್ಕೆ 50 ಮಂದಿ. ಎಂದರೆ ಬಿರುಗಾಳಿ ನಿಲ್ಲುವುದು ಬೇಗ, ಬಿದ್ದ ಮನೆಯನ್ನು ಕಟ್ಟುವುದು ನಿಧಾನ. ಆತ್ಮಗೌರವವು ಈ ಎರಡನೆಯ ಕೆಲಸಕ್ಕೆ ಸೇರಿದ್ದು.

ಇದಕ್ಕೆ ನಿದರ್ಶನವಾಗಿ ಲಿನೆಹಾನ್ ಅವರ ಬಾಳನ್ನೇ ಹೇಳಬಹುದು. ಅವರು 17ನೆಯ ವಯಸ್ಸಿನಲ್ಲಿ, 1961ರಲ್ಲಿ, ಹಾರ್ಟ್‌ಫರ್ಡ್ ಎಂಬ ಊರಿನ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಯಾಗಿ ಎರಡು ವರ್ಷಗಳಿಗಿಂತ ಹೆಚ್ಚು ಕಾಲ ಇದ್ದರು. ಲೋಕಕ್ಕೆ ಈ ಸಂಗತಿ ತಿಳಿದದ್ದು 2011ರಲ್ಲಿ. ಅದೇ ಆಸ್ಪತ್ರೆಯಲ್ಲಿ, ಸಭೆಯೊಂದರ ಮುಂದೆ, ಅವರೇ ಅದನ್ನು ಹೇಳಿದರು. ಐವತ್ತು ವರ್ಷ ಮುಚ್ಚಿಟ್ಟ ಮಾತನ್ನು ಬಾಯಿಬಿಟ್ಟು ಹೇಳುವುದಕ್ಕೆ ಎಷ್ಟು ಆತ್ಮಗೌರವ ಬೇಕೆಂಬುದನ್ನು ಶ್ರೋತೃಗಳೇ ಊಹಿಸಿಕೊಳ್ಳಬಹುದು.

ನಮ್ಮ ನಾಡಿನಲ್ಲಿ ನೆರವಿಗೆ ಕೊರತೆಯಿದ್ದರೂ ಅದು ಇಲ್ಲವೇ ಇಲ್ಲವೆನ್ನುವಂತಿಲ್ಲ. ಬೆಂಗಳೂರಿನ ಹಳೆಯ ‘ಲುನಾಟಿಕ್ ಅಸೈಲಂ’ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಪಡೆಯಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. 1974ರಲ್ಲಿ ಎರಡೂ ಕೂಡಿ ಇಂದಿನ ನಿಮ್ಹಾನ್ಸ್ ಆಯಿತು. ಕೋಲಾರದಿಂದ ಬೆಂಗಳೂರಿಗೆ ಹೋಗುವುದು ದೊಡ್ಡ ಪ್ರಯಾಣವಲ್ಲ. ಹೋಗಬೇಕೆಂದು ಮನೆಯವರಿಗೆ ಅನ್ನಿಸುವುದೇ ದೂರದ ದಾರಿ. ಅಷ್ಟು ಕೂಡ ಆಗದವರಿಗೆ, 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯುಂಟು. 14416 ಎಂಬ ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಹಣವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯವರೂ ಅಧ್ಯಾಪಕರೂ ಮಾಡಬಹುದಾದುದನ್ನು ಸಂಗ್ರಹವಾಗಿ ಹೇಳುತ್ತೇವೆ. ಹೊಗಳುವುದಾದರೆ ಮಾಡಿದ ಕೆಲಸವನ್ನು ಹೊಗಳಿ: ‘ನೀನು ಮಹಾ ಪ್ರತಿಭಾವಂತೆ’ ಎನ್ನುವುದಕ್ಕಿಂತ ‘ಎರಡನೆಯ ಪುಟದ ಈ ವಾದ ಗಟ್ಟಿಯಾಗಿದೆ’ ಎನ್ನುವುದು ಮೇಲು, ಅದು ಮಾರನೆಯ ದಿನವೂ ನಿಜವಾಗಿಯೇ ಇರುತ್ತದೆ. ತಿದ್ದುವುದಾದರೂ ಹಾಗೆಯೇ, ಕೆಲಸವನ್ನು ತಿದ್ದಿ. ಕೊಡಲಾರದಷ್ಟು ಹೊತ್ತನ್ನೂ ಸಲುಗೆಯನ್ನೂ ಮೊದಲ ವಾರದಲ್ಲಿ ಕೊಟ್ಟು, ಬೇಸರವಾದ ಮೇಲೆ ಒಮ್ಮೆಲೇ ಕೈಕೊಡವಿಕೊಳ್ಳಬೇಡಿ. ‘ಬುಧವಾರ ನಾಲ್ಕು ಗಂಟೆಗೆ ಅರ್ಧ ಗಂಟೆ ಸಿಕ್ಕುತ್ತೇನೆ’ ಎಂದು ಹೇಳಿ, ಬುಧವಾರ ನಾಲ್ಕು ಗಂಟೆಗೆ ಸಿಕ್ಕಿ. ಈ ಸಣ್ಣ ನಿಯಮ ಅತಿಯಾದ ಅಕ್ಕರೆಗಿಂತ ಹೆಚ್ಚು ಉಪಕಾರಿ. ಸಾವಿನ ಮಾತು ಬಂದರೆ ಗದರಿಸಬೇಡಿ, ನಗಬೇಡಿ, ಗುಟ್ಟಾಗಿಡುವೆನೆಂದು ಭಾಷೆ ಕೊಡಬೇಡಿ. ನೇರವಾಗಿ ಕೇಳಿ, ಜೊತೆಯಲ್ಲಿರಿ, ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಕೊನೆಯದಾಗಿ, ನೋಡಿಕೊಳ್ಳುವವರಿಗೂ ಆಯಾಸವುಂಟು, ಅವರಿಗೂ ನೆರವು ಬೇಕು. ತಮ್ಮ ಮಿತಿಯನ್ನು ಶಾಂತವಾಗಿ ಹೇಳುವುದು ನಿರ್ದಯೆಯಲ್ಲ.

ಶಿವಾರಪಟ್ಟಣದಲ್ಲಿ ನಾವು ಇನ್ನೊಂದನ್ನೂ ಕಂಡೆವು. ಅಂಗಳದ ಮೂಲೆಯಲ್ಲಿ ಬೆರಳು ಮುಕ್ಕಾದ ವಿಗ್ರಹವೊಂದು ಒರಗಿತ್ತು. ಭಿನ್ನವಾದ ಮೂರ್ತಿಗೆ ಪೂಜೆ ಸಲ್ಲದೆಂಬುದು ಶಾಸ್ತ್ರ. ತಮ್ಮನ್ನು ಹೀಗೆಯೇ ಮೂಲೆಗೆ ಒರಗಿಸಿಕೊಂಡವರು ನಮ್ಮ ತರಗತಿಗಳಲ್ಲಿಯೂ ಮನೆಗಳಲ್ಲಿಯೂ ಇದ್ದಾರೆ. ಅವರಿಗೆ ನಾವು ಹೇಳಬೇಕಾದದ್ದು, ಕಲ್ಲಿನ ಉಪಮಾನ ಇಲ್ಲಿಗೆ ಮುಗಿಯಿತೆಂದು. ಮುಕ್ಕಾದ ಕಲ್ಲು ತಾನಾಗಿ ಕೂಡಿಕೊಳ್ಳಲಾರದು. ಮನುಷ್ಯನು ಕಲಿಯಬಲ್ಲನು, ಮತ್ತು ತನ್ನ ಗೆರೆಯನ್ನು ತಾನೇ ಎಳೆದುಕೊಳ್ಳಬಲ್ಲನು. ನಮ್ಮ ವಿದ್ಯಾರ್ಥಿನಿ ಚಿಕಿತ್ಸೆ ಪಡೆದು, ಈಗ ಒಂದು ಕಛೇರಿಯಲ್ಲಿ ಕೆಲಸದಲ್ಲಿದ್ದಾಳೆ. ಹೋದ ವರ್ಷ ಅವಳಿಂದ ಒಂದು ಕಾಗದ ಬಂದಿತ್ತು. ಮೇಲಧಿಕಾರಿಗಳು ಅಂದು ತನ್ನ ಲೆಕ್ಕವನ್ನು ತಪ್ಪೆಂದು ಹಿಂದಿರುಗಿಸಿದರೆಂದೂ, ಮಧ್ಯಾಹ್ನವೆಲ್ಲ ಬಹಳ ಕಷ್ಟವಾಯಿತೆಂದೂ, ಸಂಜೆಯ ಹೊತ್ತಿಗೆ ಲೆಕ್ಕವನ್ನು ಸರಿಪಡಿಸಿ ಕೊಟ್ಟು ಮನೆಗೆ ಬಂದು ಅಡಿಗೆ ಮಾಡಿದೆನೆಂದೂ ಬರೆದಿದ್ದಳು. ಈ ಸಲ ನಾವು ಅದೇ ದಿನ ಉತ್ತರ ಬರೆದೆವು.